ಅಪ್‌ಡೇಟ್: ಬರೀ ಟಕ್ ಟಕ್ ಅನ್ನುತ್ತಿದ್ದ ಟೆಂಪೋ ಸ್ಟಾರ್ಟ್ ಆಯಿತು

ಕೀ ತಿರುಗಿಸಿದರೆ ಬರೀ ಟಕ್ ಟಕ್ ಸದ್ದು, ಇಂಜಿನ್ ತಿರುಗುವುದೇ ಇಲ್ಲ ಅಂತ ಕೇಳಿದ್ದೆನಲ್ಲ, ಕೋಲಾರ ಮಾರ್ಕೆಟ್‌ಗೆ ಟೊಮೆಟೊ ಸಾಗಿಸುವ ನಮ್ಮ ಟೆಂಪೋ, ಅದು ಸರಿಹೋಯಿತು. ಜಾಸ್ತಿ ಜನ ಬ್ಯಾಟರಿ ಅಂದಿರಿ. ಅದು 12.6 ವೋಲ್ಟ್, ಚೆನ್ನಾಗಿಯೇ ಇತ್ತು. ಮೆಕ್ಯಾನಿಕ್, ಇಂಜಿನ್ ತಿರುಗಿಸಿ ಸ್ಟಾರ್ಟ್ ಮಾಡುವ ಸೆಲ್ಫ್ ಮೋಟರನ್ನೇ ಬದಲಾಯಿಸಿ ಅಂದರು. ಅರ್ತಿಂಗ್, ಅಂದರೆ ಬ್ಯಾಟರಿ ಮೈನಸ್‌ನಿಂದ ಗಾಡಿಯ ಚಾಸಿಗೆ ಹೋಗುವ ಕೇಬಲ್ ಜೋಡಣೆ ನೋಡಿ ಅಂದವರಿಗೆ ದೊಡ್ಡ ನಮಸ್ಕಾರ. ವೋಲ್ಟ್ ಅಳೆಯುವ ಮೀಟರ್‌ನ ಒಂದು ವೈರ್ ಬ್ಯಾಟರಿ ಮೈನಸ್‌ಗೆ, ಇನ್ನೊಂದು ಇಂಜಿನ್ ಬ್ಲಾಕ್‌ಗೆ ಹಿಡಿದು ತಮ್ಮನಿಗೆ ಸೆಲ್ಫ್ ಹೊಡಿ ಅಂದೆ. 2 ವೋಲ್ಟ್ ದಾಟಿತು! ಅರ್ಧ ವೋಲ್ಟ್ ಒಳಗೇ ಇರಬೇಕು ಅಲ್ವಾ? ಅಂದರೆ ಆ ದಾರಿಯಲ್ಲೇ ಎಲ್ಲೋ ಕರೆಂಟಿಗೆ ಅಡ್ಡಿ. ಆ ಕೇಬಲನ್ನು ಚಾಸಿಗೆ ಬಿಗಿದ ಬೋಲ್ಟ್ ಬಿಚ್ಚಿದರೆ ವಾಷರ್ ಕೆಳಗೆಲ್ಲ ತುಕ್ಕು, ಕೇಬಲ್ ತುದಿಯಲ್ಲಿ ಹಸಿರು ಪುಡಿ. ಎಮರಿ ಪೇಪರಿನಲ್ಲಿ ಲೋಹ ಹೊಳೆಯುವವರೆಗೂ ಉಜ್ಜಿ ಬಿಗಿ ಮಾಡಿ ಮೇಲೆ ವ್ಯಾಸಲೀನ್ ಸವರಿದೆ. ಒಂದೇ ಸೆಲ್ಫಿಗೆ ಸ್ಟಾರ್ಟ್. ಇಲ್ಲದಿದ್ದರೆ ಸುಮ್ನೆ ಮೋಟರಿಗೆ ದುಡ್ಡು ಹಾಕುತ್ತಿದ್ದೆ. ಹಳೇ ಕೇಬಲ್ ಬಗ್ಗದಷ್ಟು ಗಟ್ಟಿಯಾಗಿಬಿಟ್ಟಿದೆ, ಬೆಳೆ ಮುಗಿದ ಮೇಲೆ ಹೊಸದು ಹಾಕಿಸುತ್ತೇನೆ.