ಗಟ್ಟಿಯಾಗಿ ಓದುವುದರಲ್ಲಿ ಮೌನ ಓದಿಗಿಲ್ಲದ ಸುಖವೇನಾದರೂ ಇದೆಯೇ?

ಪ್ರಶ್ನೆ (ಮಲೆನಾಡಿಗ):
ನನ್ನ ತಂದೆಯವರಿಗೆ 78 ವರ್ಷ. ದೃಷ್ಟಿ ಮಂದವಾಗಿರುವುದರಿಂದ ಕಳೆದ ಆರು ತಿಂಗಳಿಂದ ರಾತ್ರಿ ಊಟವಾದ ಮೇಲೆ ಅರ್ಧ ಗಂಟೆ ಅವರಿಗೆ ಒಂದು ದೊಡ್ಡ ಕಾದಂಬರಿಯನ್ನು ಓದಿ ಹೇಳುತ್ತಿದ್ದೇನೆ. ಕಾಲೇಜಿನ ದಿನಗಳಲ್ಲಿ ಇದನ್ನೇ ಮೂರು ದಿನಗಳಲ್ಲಿ ಮುಗಿಸಿ ಹೆಮ್ಮೆಪಟ್ಟಿದ್ದೆ. ಆಗ ಪುಟಗಟ್ಟಲೆ ಹಾರಿಸಿದ್ದೆನೆಂಬುದು ಈಗ ತಿಳಿದು ನಾಚಿಕೆಯಾಗುತ್ತಿದೆ. ಹೆಂಗಸರು ಮೆಟ್ಟುಗತ್ತಿಯ ಮುಂದೆ ಸಾಲಾಗಿ ಕುಳಿತು ಅಡಕೆ ಸುಲಿಯುವ ಭಾಗ ಬಂದಾಗ ತಂದೆಯವರು, "ಅಲ್ಲೇ ನಿಲ್ಲಿಸು, ಇನ್ನೊಮ್ಮೆ ಓದು" ಎಂದರು. ಆ ಪ್ರಸಂಗ ಅದರಲ್ಲಿದೆಯೆಂಬುದೇ ನನಗೆ ನೆನಪಿರಲಿಲ್ಲ. ಈ ಸುಖ ತಂದೆಯವರ ಸಾನ್ನಿಧ್ಯದ್ದೋ, ಗಟ್ಟಿಯಾಗಿ ಓದುವುದರದ್ದೋ? ಮುಂದೆ ಏನನ್ನು ಓದಬಹುದು?

ಉತ್ತರ 1 (ಗಮಕಾಭ್ಯಾಸಿ):
ನೀವು ಮಾಡುತ್ತಿರುವುದು ನಮ್ಮಲ್ಲಿ ಹೊಸದೇನೂ ಅಲ್ಲ. ಕಾವ್ಯವೆಂಬುದು ಬಹುಕಾಲ ಕಿವಿಯ ಸೊತ್ತಾಗಿತ್ತು. ಅಕ್ಷರ ಬಾರದವರೂ ಜಗುಲಿಯ ಮೇಲೆ ಕುಳಿತು ಕುಮಾರವ್ಯಾಸ ಭಾರತವನ್ನೂ ಜೈಮಿನಿ ಭಾರತವನ್ನೂ ಕೇಳಿ ಬಲ್ಲವರಾಗಿದ್ದರು. ಒಬ್ಬರು ರಾಗವಾಗಿ ವಾಚಿಸುವುದು, ಇನ್ನೊಬ್ಬರು ವ್ಯಾಖ್ಯಾನಿಸುವುದು ಗಮಕದ ಕ್ರಮ. ಶಿವಮೊಗ್ಗದ ಬಳಿಯ ಹೊಸಹಳ್ಳಿಯ ಗಮಕಿ ಎಚ್.ಆರ್. ಕೇಶವಮೂರ್ತಿಯವರಿಗೆ 2022ರಲ್ಲಿ ಪದ್ಮಶ್ರೀ ಬಂದಾಗ, ಈ ಕಲೆಯ ಹೆಸರನ್ನೇ ಮೊದಲ ಬಾರಿಗೆ ಕೇಳಿದವರು ನನ್ನ ಕಚೇರಿಯಲ್ಲೇ ಹಲವರಿದ್ದರು.

ಕುಮಾರವ್ಯಾಸ ಭಾರತದ ಛಂದಸ್ಸಾದ ಭಾಮಿನಿ ಷಟ್ಪದಿ ಕಣ್ಣಿಗೆ ಬರಿಯ ಆರು ಸಾಲು. ಬಾಯಿಬಿಟ್ಟು ಓದಿದರೆ, ಮೂರು-ನಾಲ್ಕು, ಮೂರು-ನಾಲ್ಕು ಎಂದು ನಡೆಯುವ 14 ಮಾತ್ರೆಗಳ (ಮಾತ್ರೆಯೆಂದರೆ ಒಂದು ಹ್ರಸ್ವಾಕ್ಷರವನ್ನು ಉಚ್ಚರಿಸುವ ಕಾಲ) ಎರಡು ಸಾಲುಗಳ ಬಳಿಕ ಮೂರನೆಯದು 23 ಮಾತ್ರೆಗಳವರೆಗೆ ಚಾಚಿಕೊಂಡು ಗುರುವಿನ, ಎಂದರೆ ಎರಡು ಮಾತ್ರೆಗಳ ಅಕ್ಷರದ, ಮೇಲೆ ನಿಲ್ಲುವುದು ಉಸಿರಿಗೇ ಗೊತ್ತಾಗುತ್ತದೆ. ಸಾಲು ಮುಗಿದರೂ ಪದ ಮುಗಿಯದೆ ಮುಂದಿನ ಸಾಲಿಗೆ ಹರಿಯುವುದುಂಟು. ಅದನ್ನು ಎಲ್ಲಿ ಒಡೆಯಬೇಕೆಂದು ತಿಳಿಯದೆ ದನಿಯೆತ್ತಲಾಗದು, ಆದ್ದರಿಂದ ಅರ್ಥದ ವಿಚಾರಣೆ ಅಲ್ಲಿಂದಲೇ ಶುರುವಾಗುತ್ತದೆ. ಕಾದಂಬರಿ ಮುಗಿದ ಮೇಲೆ ಕುಮಾರವ್ಯಾಸನ ಉದ್ಯೋಗ ಪರ್ವವನ್ನು ಹಿಡಿಯಿರಿ. ರಾಗ ಬಾರದಿದ್ದರೂ ಚಿಂತೆಯಿಲ್ಲ.

ಉತ್ತರ 2 (ಮನಶ್ಶಾಸ್ತ್ರದ ವಿದ್ಯಾರ್ಥಿ):
ಕೆನಡಾದ ವಾಟರ್‌ಲೂ ವಿಶ್ವವಿದ್ಯಾಲಯದ ಕಾಲಿನ್ ಮೆಕ್ಲೌಡ್ ಮತ್ತು ಸಂಗಡಿಗರು 2010ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಒಂದೇ ಪಟ್ಟಿಯ ಕೆಲವು ಪದಗಳನ್ನು ಗಟ್ಟಿಯಾಗಿಯೂ ಉಳಿದವನ್ನು ಮೌನವಾಗಿಯೂ ಓದಿದವರಿಗೆ ಬಾಯಿಂದ ಹೊರಟ ಪದಗಳೇ ಹೆಚ್ಚು ನೆನಪಿನಲ್ಲಿ ಉಳಿದವು. ಆದರೆ ಒಂದು ಗುಂಪು ಎಲ್ಲವನ್ನೂ ಗಟ್ಟಿಯಾಗಿ, ಇನ್ನೊಂದು ಎಲ್ಲವನ್ನೂ ಮೌನವಾಗಿ ಓದಿದಾಗ ಆ ವ್ಯತ್ಯಾಸ ಅಷ್ಟಾಗಿ ಕಾಣಲಿಲ್ಲ. ಪದಗಳ ಪಟ್ಟಿ ಕಾದಂಬರಿಯೂ ಅಲ್ಲ. ನಿಮ್ಮ ವಿಷಯದಲ್ಲಿ ಕಾರಣ ಸರಳವೆಂದು ನನಗೆ ತೋರುತ್ತದೆ: ಒಂದು ಪುಟಕ್ಕೆ ಎರಡು ನಿಮಿಷವೆಂದರೂ ಅರ್ಧ ಗಂಟೆಗೆ ಹದಿನೈದೇ ಪುಟ, ಎದುರಿಗೆ ಕೇಳುವವರೊಬ್ಬರು ಇರುವಾಗ ಹಾರಿಸುವ ಅವಕಾಶವೇ ಇಲ್ಲ.

ಉತ್ತರ 3 (ಕಿಟಕಿ ಪಕ್ಕದ ಸೀಟು):
ಮೌನ ಓದನ್ನು ಇಷ್ಟು ಹಗುರವಾಗಿ ಕಾಣುವುದು ನನಗೆ ಒಪ್ಪಿಗೆಯಿಲ್ಲ. ಹೈಸ್ಕೂಲಿನಲ್ಲಿದ್ದಾಗ ನಮ್ಮೂರಿನ ಗ್ರಂಥಾಲಯದಿಂದ ತಂದ ಕಾದಂಬರಿಗಳನ್ನು ಪಠ್ಯಪುಸ್ತಕದೊಳಗಿಟ್ಟು ಓದಿದವಳು ನಾನು. ಒಂದು ಪತ್ತೇದಾರಿಯ ಕೊನೆಯ ಎರಡು ಹಾಳೆಗಳನ್ನು ಯಾರೋ ಪುಣ್ಯಾತ್ಮರು ಹರಿದೊಯ್ದಿದ್ದರಿಂದ ಕೊಲೆಗಾರ ಯಾರೆಂಬುದು ನನಗೆ ಇಂದಿಗೂ ಗೊತ್ತಿಲ್ಲ. ನಾಲ್ಕು ಪುಟ ಹಿಂದಕ್ಕೆ ತಿರುವಿ ಒಂದು ಮಾತನ್ನು ಮತ್ತೆ ಓದುವುದು, ಒಂದು ವಾಕ್ಯದ ಮೇಲೆ ಬೆರಳಿಟ್ಟು ಎರಡು ಬಸ್‌ ನಿಲ್ದಾಣ ದಾಟುವವರೆಗೆ ಸುಮ್ಮನೆ ಹೊರಗೆ ನೋಡುವುದು, ಇವೆಲ್ಲ ಕೇಳುಗರು ಕಾದು ಕುಳಿತಿರುವಾಗ ಆಗುವಂಥವಲ್ಲ. ತಂದೆಯ ಎದುರು ಗಟ್ಟಿಯಾಗಿ ಓದಲಾಗದ ಪ್ರಸಂಗಗಳೂ ಒಳ್ಳೆಯ ಕಾದಂಬರಿಗಳಲ್ಲಿ ಇರುತ್ತವೆ. ಆಗೇನು ಮಾಡುತ್ತೀರಿ?

ಮಲೆನಾಡಿಗ:
ಅಂಥದೊಂದು ಪುಟ ಬಂದಿತ್ತು. ನಾನು ತಡವರಿಸಿದಾಗ ತಂದೆಯವರು, "ಅದನ್ನು ಹಿಂದೆಯೇ ಓದಿದ್ದೇನೆ, ಮುಂದೆ ನಡೆ" ಎಂದರು.

ನಿನ್ನೆ ಕಾದಂಬರಿಯನ್ನು ಬದಿಗಿಟ್ಟು ಉದ್ಯೋಗ ಪರ್ವವನ್ನು ತೆರೆದೆ. ಒಂದೇ ಪದ್ಯಕ್ಕೆ ಹತ್ತು ನಿಮಿಷ ಹಿಡಿಯಿತು. ಎರಡನೆಯ ಸಾಲಿನ ತುದಿಯಲ್ಲಿ ನಾನು ತುಂಡರಿಸಿದ ಪದವನ್ನು ತಂದೆಯವರು ಕಣ್ಣು ಮುಚ್ಚಿಕೊಂಡೇ ಮೂರನೆಯ ಸಾಲಿಗೆ ಕೂಡಿಸಿ ಹೇಳಿ, ಉಳಿದ ಪದ್ಯವನ್ನೂ ತಾವೇ ಮುಗಿಸಿದರು. ಅವರ ಸೋದರಮಾವ ಮಳೆಗಾಲದಲ್ಲಿ ಮನೆಮಂದಿಗೆಲ್ಲ ಅದನ್ನು ಓದುತ್ತಿದ್ದರಂತೆ. ಇಷ್ಟು ವರ್ಷಗಳಲ್ಲಿ ಅವರದನ್ನು ಹೇಳಿರಲಿಲ್ಲ, ನಾನೂ ಕೇಳಿರಲಿಲ್ಲ.