ಡೇರೆ ಹಾಕದವರ ಬುಕಿಂಗ್‌ನಿಂದ ಡೇರೆ ಹಾಕುವವರಿಗೆ ಜಾಗ ತಪ್ಪುತ್ತಿದೆಯೇ? ಫೋರ್ಟ್ ವಿಲ್ಡರ್‌ನೆಸ್ ಚರ್ಚೆ

ಗಾಲಿಮನೆ:
ಫ್ಲಾರಿಡಾದ ಡಿಸ್ನಿ ವರ್ಲ್ಡ್ ಒಳಗಿರುವ ಫೋರ್ಟ್ ವಿಲ್ಡರ್‌ನೆಸ್ ಕ್ಯಾಂಪ್‌ಗ್ರೌಂಡ್‌ನಲ್ಲಿ ಸೈಟ್ (ಡೇರೆ ಹೊಡೆಯುವ ಅಥವಾ ಗಾಡಿ ನಿಲ್ಲಿಸುವ ಜಾಗ) ಸಿಗದಿರುವುದಕ್ಕೆ ಕ್ಯಾಂಪಿಂಗ್ ಮಾಡುವವರು ಹೆಚ್ಚಾಗಿರುವುದಷ್ಟೇ ಕಾರಣ ಅಲ್ಲ. ಡೇರೆ ಹೊಡೆಯದೆ, ಆರ್‌ವಿ (ಒಳಗೇ ಮಲಗುವ, ಅಡುಗೆ ಮಾಡುವ ವ್ಯವಸ್ಥೆಯಿರುವ ಗಾಡಿ) ತರದೆ, ಒಂದು ರಾತ್ರಿಯ ಬಾಡಿಗೆ ಕಟ್ಟಿ ಸವಲತ್ತನ್ನಷ್ಟೇ ಎತ್ತಿಕೊಂಡು ಹೋಗುವ ನೆಪದ ಬುಕಿಂಗ್‌ಗಳೂ ಇವೆ. ಮಲಗುವುದು ಹೊರಗಿನ ಬಾಡಿಗೆ ಮನೆಯಲ್ಲಿ, ಹೆಸರಿಗೆ ಮಾತ್ರ ಕ್ಯಾಂಪ್‌ಸೈಟ್.

ಸವಲತ್ತು ಅಂದರೆ ಏನು ಅಂತ ಕೇಳುವವರಿಗೆ: ಡಿಸ್ನಿಯ ಜಾಗದಲ್ಲಿ ತಂಗುವವರು ರೈಡ್‌ಗಳ ಉದ್ದ ಸಾಲು ತಪ್ಪಿಸುವ ಲೈಟ್ನಿಂಗ್ ಲೇನ್ ಮಲ್ಟಿ ಪಾಸ್ ಅನ್ನು 7 ದಿನ ಮೊದಲೇ ಕೊಳ್ಳಬಹುದು, ಅದೂ 14 ದಿನಗಳವರೆಗಿನ ಇಡೀ ತಂಗುವಿಕೆಗೆ ಒಟ್ಟಿಗೇ. ಉಳಿದವರಿಗೆ 3 ದಿನ. ಪ್ರತಿದಿನ ಪಾರ್ಕ್ ತೆರೆಯುವುದಕ್ಕೆ 30 ನಿಮಿಷ ಮೊದಲು ಒಳಗೆ ಹೋಗಬಹುದು. ಊಟದ ಟೇಬಲ್ ಎಲ್ಲರಿಗೂ 60 ದಿನ ಮೊದಲು ತೆರೆಯುತ್ತದೆ, ಆದರೆ ತಂಗುವವರು ಆ ದಿನವೇ ಮುಂದಿನ 10 ದಿನಗಳವರೆಗಿನ ಟೇಬಲ್‌ಗಳನ್ನೂ ಹಿಡಿದುಬಿಡಬಹುದು. ಪಾರ್ಕ್‌ಗಳಲ್ಲಿ ಪಾರ್ಕಿಂಗ್ ಪುಕ್ಕಟೆ. ಇವಕ್ಕೆಲ್ಲ ಕ್ಯಾಂಪ್‌ಸೈಟ್ ಹಿಡಿದವನೂ ಹೋಟೆಲ್ ರೂಮ್ ಹಿಡಿದವನೂ ಒಂದೇ.

ಈಗ ಮುಖ್ಯ ಮಾತು. ಒಂದು ಸೈಟಿನಲ್ಲಿ 10 ಜನರ ಹೆಸರು ಸೇರಿಸಬಹುದು. ಅಗ್ಗದ ಹೋಟೆಲ್‌ಗಳ ಸಾಮಾನ್ಯ ರೂಮಿನಲ್ಲಿ 4 ಜನ. ಎರಡು ಮೂರು ಕುಟುಂಬ ಒಟ್ಟಿಗೆ ಬಂದರೆ 3 ರೂಮಿನ ಬದಲು ಒಂದೇ ಸೈಟ್ ಸಾಕು. ತಲೆಗೆ ಎಷ್ಟು ಬಿತ್ತು ಅಂತ ನೋಡಿದರೆ ಇಡೀ ಡಿಸ್ನಿ ವರ್ಲ್ಡ್‌ನಲ್ಲಿ ಇದಕ್ಕಿಂತ ಅಗ್ಗದ ದಾರಿ ಇಲ್ಲ.

ಲೆಕ್ಕಿಗ:
ಹಳೇ ಸಿಟ್ಟನ್ನು ಹೊಸ ವ್ಯವಸ್ಥೆಯ ಮೇಲೆ ಹಾಕುತ್ತಿದ್ದೀರಿ ಅನ್ನಿಸುತ್ತದೆ ಸರ್. ಈ ಆಟ ನಿಜವಾಗಿ ಲಾಭದ್ದಾಗಿದ್ದದ್ದು ಸಾಲು ತಪ್ಪಿಸುವ ಹಳೇ ಪಾಸ್ ಆದ ಫಾಸ್ಟ್‌ಪಾಸ್ ಪ್ಲಸ್ ಕಾಲದಲ್ಲಿ. ಆಗ ಒಳಗೆ ತಂಗುವವರಿಗೆ 60 ದಿನ, ಹೊರಗಿನವರಿಗೆ 30 ದಿನ, ಪಾಸ್ ಪೂರ್ತಿ ಉಚಿತ. ಆ 30 ದಿನಗಳ ಅಂತರದಲ್ಲಿ ಜನಪ್ರಿಯ ರೈಡ್‌ಗಳ ಸಮಯವೆಲ್ಲ ಮುಗಿದುಹೋಗುತ್ತಿತ್ತು, ಹಾಗಾಗಿ ಒಂದು ರಾತ್ರಿಯ ಬಾಡಿಗೆ ಕಟ್ಟಿದರೂ ಗಿಟ್ಟುತ್ತಿತ್ತು. 2020ರ ಮಾರ್ಚ್‌ನಲ್ಲಿ ಪಾರ್ಕ್ ಮುಚ್ಚಿದಾಗ ನಿಂತ ಆ ಪದ್ಧತಿ ಮತ್ತೆ ಬರಲಿಲ್ಲ. 2021ರ ಅಕ್ಟೋಬರ್‌ನಲ್ಲಿ ಅದರ ಬದಲು ಬಂದ ದುಡ್ಡಿನ ಪಾಸ್ ಜೀನಿ ಪ್ಲಸ್‌ನಲ್ಲಿ ಎಲ್ಲರೂ ಆಯಾ ದಿನವೇ ಬುಕ್ ಮಾಡಬೇಕಿತ್ತು. 2024ರ ಜುಲೈನಿಂದ ಈಗಿನ 7 ಮತ್ತು 3 ದಿನಗಳ ಲೆಕ್ಕ.

ಅಂದರೆ 30 ದಿನ ಇದ್ದ ಅಂತರ 4ಕ್ಕೆ ಇಳಿದಿದೆ. ಜೊತೆಗೆ ಮಲ್ಟಿ ಪಾಸ್‌ಗೆ ತಲೆಗಿಷ್ಟು, ದಿನಕ್ಕಿಷ್ಟು ಅಂತ ದುಡ್ಡು ಬೇರೆ. ಸೈಟಿನ ಬಾಡಿಗೆಯೂ ಮೊದಲಿನಂತಿಲ್ಲ. ಕ್ರಿಸ್‌ಮಸ್ ವಾರದಲ್ಲಿ ಅದನ್ನು ಅಗ್ಗ ಅನ್ನುವವರು ಯಾರೂ ಇಲ್ಲ. ನಾಲ್ಕು ಜನರ ಕುಟುಂಬ ನೆಪಕ್ಕೆ ಸೈಟ್ ಹಿಡಿಯುತ್ತದೆ ಅನ್ನುವುದು ಇವತ್ತು ಲೆಕ್ಕಕ್ಕೆ ಕೂರುವುದಿಲ್ಲ.

ಗಾಲಿಮನೆ:
ನಾಲ್ಕು ಜನಕ್ಕೆ ಕೂರುವುದಿಲ್ಲ, ಒಪ್ಪಿದೆ. ಹತ್ತು ಜನಕ್ಕೆ ಕೂರುತ್ತದೆ. ಇನ್ನೊಂದು ಗಮನಿಸಿ: ಸವಲತ್ತು ರಾತ್ರಿಗಳ ಲೆಕ್ಕದಲ್ಲಿಲ್ಲ, ದಿನಗಳ ಲೆಕ್ಕದಲ್ಲಿದೆ. ಒಂದು ರಾತ್ರಿ ಬುಕ್ ಮಾಡಿದರೆ ಚೆಕ್-ಇನ್ ದಿನ, ಚೆಕ್-ಔಟ್ ದಿನ ಎರಡಕ್ಕೂ ಬೇಗ ಪ್ರವೇಶ ಸಿಗುತ್ತದೆ, ಮುಂಗಡ ಬುಕಿಂಗೂ ಸಿಗುತ್ತದೆ. ಒಂದು ರಾತ್ರಿಯ ಬಾಡಿಗೆಗೆ 10 ಜನ, 2 ದಿನ. 2025ರಲ್ಲಿ ಚೆಕ್-ಇನ್ ದಿನ ವಾಟರ್ ಪಾರ್ಕ್ ಪ್ರವೇಶವೂ ಉಚಿತ ಮಾಡಿದರು. ಹತ್ತು ವಾಟರ್ ಪಾರ್ಕ್ ಟಿಕೆಟ್‌ನ ಬೆಲೆಯ ಮುಂದೆ ಒಂದು ಡೇರೆ ಸೈಟಿನ ಬಾಡಿಗೆ ಇಟ್ಟು ನೋಡಿ, ಆಮೇಲೆ ಲೆಕ್ಕ ಕೂರುವುದಿಲ್ಲ ಅನ್ನಿ.

ನಿಧಾನಸ್ಥ:
ಇಬ್ಬರೂ ದೊಡ್ಡ ಕಾರಣವನ್ನು ಬಿಟ್ಟು ಸಣ್ಣದನ್ನು ಹಿಡಿದುಕೊಂಡಿದ್ದೀರಿ. 1971ರ ನವೆಂಬರ್‌ನಲ್ಲಿ ಶುರುವಾದ ಈ ಕ್ಯಾಂಪ್‌ಗ್ರೌಂಡ್‌ನಲ್ಲಿ ಸುಮಾರು 800 ಸೈಟ್‌ಗಳಿವೆ. ಜನವರಿಯಿಂದ ಮಾರ್ಚ್‌ವರೆಗೆ ಉತ್ತರದ ಚಳಿ ತಪ್ಪಿಸಿಕೊಂಡು ಬರುವ ಆರ್‌ವಿಯವರು ವಾರಗಟ್ಟಲೆ ಇರುತ್ತಾರೆ. ಹ್ಯಾಲೋವೀನ್ ಮತ್ತು ಕ್ರಿಸ್‌ಮಸ್‌ಗೆ ಸೈಟ್ ಸಿಂಗರಿಸುವ ಗುಂಪುಗಳು ಮುಂದಿನ ವರ್ಷದ್ದನ್ನು ಈ ವರ್ಷವೇ ಹಿಡಿಯುತ್ತವೆ. ಹಿಡಿಯಲು ಸಾಧ್ಯವಾಗುವುದು ಏಕೆಂದರೆ ಬುಕಿಂಗ್ 499 ದಿನ ಮೊದಲೇ ತೆರೆಯುತ್ತದೆ, ಕಟ್ಟಬೇಕಾದ್ದು ಒಂದು ರಾತ್ರಿಯ ಮುಂಗಡ ಮಾತ್ರ, ಗಡುವಿನೊಳಗೆ ರದ್ದು ಮಾಡಿದರೆ ಅದೂ ವಾಪಸ್. ಹೀಗಿದ್ದಾಗ ಮನೆಯವರ ರಜೆ ಖಚಿತವಾಗುವ ಮೊದಲೇ ಮೂರು ಬೇರೆ ಬೇರೆ ವಾರಗಳನ್ನು ಹಿಡಿದಿಟ್ಟು, ಕೊನೆಗೆ ಎರಡನ್ನು ಬಿಡುವವರೇ ಹೆಚ್ಚು. ಇವರು ನಿಜವಾದ ಕ್ಯಾಂಪರ್‌ಗಳೇ! ಸವಲತ್ತಿಗೂ ಇವರಿಗೂ ಸಂಬಂಧವಿಲ್ಲ.

ಖಾಲಿ ಕಂಡ ಸೈಟೆಲ್ಲ ನೆಪದ ಬುಕಿಂಗ್ ಅಂದುಕೊಳ್ಳುವುದೂ ತಪ್ಪು. ರಾತ್ರಿ ತಡವಾಗಿ ಬರುವವರು, ದುರಸ್ತಿಗೆ ಬಿಟ್ಟ ಸೈಟ್, ಬಿರುಗಾಳಿ ಮುನ್ಸೂಚನೆ ನೋಡಿ ಒಂದು ದಿನ ಮೊದಲೇ ಹೊರಟವರು, ಎಲ್ಲವೂ ಹೊರಗಿನಿಂದ ಒಂದೇ ಥರ ಕಾಣುತ್ತದೆ.

ಸೀತಾಳೆ:
ನಿಧಾನಸ್ಥರ ಮಾತು ಸಂಖ್ಯೆಯ ಮಟ್ಟಿಗೆ ಸರಿ. ಆದರೆ ಹಾನಿ ಆಗುವುದು ಎಷ್ಟು ಸೈಟ್ ಹೋಯಿತು ಅನ್ನುವುದರಿಂದ ಅಲ್ಲ, ಯಾವ ರಾತ್ರಿ ಹೋಯಿತು ಅನ್ನುವುದರಿಂದ. ಅದು ಹೇಗೆ ಅಂತ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಬುಕ್ ಮಾಡುವಾಗ ನಿಮಗೆ ಸೈಟ್ ನಂಬರ್ ಸಿಗುವುದಿಲ್ಲ, ವರ್ಗ ಸಿಗುತ್ತದೆ: ಡೇರೆ/ಪಾಪ್-ಅಪ್ (ಡೇರೆ ಅಥವಾ ಬಿಚ್ಚಿ ಹರಡುವ ಸಣ್ಣ ಟ್ರೇಲರ್‌ಗೆ), ಫುಲ್ ಹುಕ್-ಅಪ್ (ನೀರು, ಕರೆಂಟ್, ಒಳಚರಂಡಿ ಮೂರೂ ಸಂಪರ್ಕ ಇರುವುದು), ಪ್ರಿಫರ್ಡ್ (ದೋಣಿಕಟ್ಟೆಗೆ ಹತ್ತಿರದ್ದು), ಪ್ರೀಮಿಯಂ (ದೊಡ್ಡ ಆರ್‌ವಿಗೆ). ಪ್ರತಿ ವರ್ಗಕ್ಕೂ ಪ್ರತಿ ರಾತ್ರಿಗೂ ಉಳಿದ ಸೈಟ್‌ಗಳ ಎಣಿಕೆ ಇರುತ್ತದೆ. ನೀವು 8ರಿಂದ 18ರವರೆಗೆ ಹುಡುಕಿದರೆ ಹತ್ತೂ ರಾತ್ರಿ ಅದೇ ವರ್ಗದಲ್ಲಿ ಕನಿಷ್ಠ ಒಂದಾದರೂ ಉಳಿದಿರಬೇಕು. 13ರ ಶುಕ್ರವಾರ ರಾತ್ರಿ ಎಣಿಕೆ ಸೊನ್ನೆಗೆ ಬಂದರೆ, ಮಿಕ್ಕ ಒಂಬತ್ತು ರಾತ್ರಿ ನಲವತ್ತು ನಲವತ್ತು ಸೈಟ್ ಖಾಲಿ ಇದ್ದರೂ ನಿಮಗೆ ಬರುವ ಉತ್ತರ "ಲಭ್ಯವಿಲ್ಲ". ಯಾವ ರಾತ್ರಿಯಿಂದ ತೊಡಕಾಯಿತು ಅಂತಲೂ ಹೇಳುವುದಿಲ್ಲ.

ನೆಪದ ಬುಕಿಂಗ್ ಸಾಮಾನ್ಯವಾಗಿ ಒಂದೇ ರಾತ್ರಿಯದು, ಅದೂ ಜನ ಹೆಚ್ಚು ಬರುವ ದಿನಕ್ಕೆ ಅಂಟಿಕೊಂಡಿರುತ್ತದೆ. ಆ ರಾತ್ರಿ ಆಗಲೇ ತುಂಬುವ ಅಂಚಿನಲ್ಲಿರುತ್ತದೆ. ಕೊನೆಯ ಐದಾರು ಸೈಟ್ ಇಂಥವರ ಪಾಲಾದರೆ ಸಾಕು, ನಡುವೆ ಒಂದು ರಾತ್ರಿಯ ತೂತು ಬಿದ್ದು, ಆ ರಾತ್ರಿಯನ್ನು ದಾಟಿ ಹೋಗುವ ಪ್ರತಿಯೊಂದು ದೀರ್ಘ ಬುಕಿಂಗೂ ಅಲ್ಲಿಗೇ ನಿಲ್ಲುತ್ತದೆ. ಇವರ ಒಟ್ಟು ಪ್ರಮಾಣ ಚಿಕ್ಕದಿರಬಹುದು, ಪರಿಣಾಮ ಚಿಕ್ಕದಲ್ಲ.

ಡೇರೆದಾಸ:
ಮತ್ತೆ ಆ ತೂತು ಬೀಳುವುದು ಯಾವ ವರ್ಗದಲ್ಲಿ? ಸವಲತ್ತಿಗೆ ಸೈಟ್ ಹಿಡಿಯುವವನಿಗೆ ಒಳಚರಂಡಿ ಪೈಪೂ ಬೇಡ, ದೋಣಿಕಟ್ಟೆಯ ಹತ್ತಿರದ ಜಾಗವೂ ಬೇಡ. ಅತಿ ಅಗ್ಗದ್ದು ಸಾಕು. ಹಾಗಾಗಿ ಮೊದಲು ಹೋಗುವುದು ಡೇರೆ/ಪಾಪ್-ಅಪ್ ವರ್ಗ. ಅದರಲ್ಲಿ ನೀರು, ಕರೆಂಟ್ ಇದೆ, ಒಳಚರಂಡಿ ಸಂಪರ್ಕ ಇಲ್ಲ. ನೆಲದಲ್ಲಿ ಮಲಗುವವರು ಆಮೇಲೆ ಫುಲ್ ಹುಕ್-ಅಪ್‌ಗೆ ದುಡ್ಡು ಕೊಟ್ಟು ಹೋಗಬೇಕು, ತಮಗೆ ಉಪಯೋಗವೇ ಇಲ್ಲದ ಪೈಪಿನ ಪಕ್ಕ ಡೇರೆ ಹೊಡೆಯಬೇಕು. ಹಾಗೆ ಹೋದಾಗ ಅಲ್ಲೊಂದು ಆರ್‌ವಿಗೆ ಜಾಗ ತಪ್ಪುತ್ತದೆ. ಆರ್‌ವಿಯವರು ಕೆಳಗಿನ ವರ್ಗಕ್ಕೆ ಇಳಿಯುವ ಹಾಗಿಲ್ಲ.

ನಗು ಬರುವ ಸಂಗತಿ ಇನ್ನೊಂದಿದೆ. ಆ 30 ನಿಮಿಷದ ಬೇಗ ಪ್ರವೇಶ ನಿಜವಾದ ಕ್ಯಾಂಪರ್‌ಗೆ ದಕ್ಕುವುದೇ ಕಷ್ಟ. ಸುಮಾರು 750 ಎಕರೆ ಜಾಗ. ಒಳಗೆ ಸ್ವಂತ ಕಾರಿನಲ್ಲಿ ಸುತ್ತಾಡಿ ನಿಲ್ಲಿಸುವ ಹಾಗಿಲ್ಲ. ಸೈಟಿನಿಂದ ಒಳಗಿನ ಬಸ್ ಹಿಡಿದು ನಿಲ್ದಾಣಕ್ಕೆ, ಅಲ್ಲಿಂದ ಪಾರ್ಕಿನ ಬಸ್ಸು. ಮ್ಯಾಜಿಕ್ ಕಿಂಗ್‌ಡಮ್ ಪಾರ್ಕಿಗಾದರೆ ಕ್ಯಾಂಪ್‌ಗ್ರೌಂಡ್‌ನ ದೋಣಿಕಟ್ಟೆ ಇರುವ ಸೆಟ್ಲ್‌ಮೆಂಟ್ ಕಡೆಯ ದೋಣಿ. ಹೊರಗಿನ ಮನೆಯಲ್ಲಿ ಮಲಗಿ, ನೇರ ಕಾರಿನಲ್ಲಿ ಬಂದು, ಪುಕ್ಕಟೆ ಪಾರ್ಕ್ ಮಾಡುವ ಹೆಸರಿಗಷ್ಟೇ ಕ್ಯಾಂಪರ್ ಆದವನೇ ಗೇಟಿನಲ್ಲಿ ಮುಂದೆ ನಿಂತಿರುತ್ತಾನೆ.

ಲೆಕ್ಕಿಗ:
ಸೀತಾಳೆ ಮೇಡಂ ಹೇಳಿದ ತೂತಿನ ಲೆಕ್ಕ ಒಪ್ಪಿದೆ. ಆದರೆ ಆ ಮನುಷ್ಯ ದುಡ್ಡು ಕೊಟ್ಟಿದ್ದಾನೆ. ಕೊಂಡ ಸೈಟಿನಲ್ಲಿ ಮಲಗಲೇಬೇಕು ಅಂತ ಯಾರು ಹೇಳುವುದು? ಪಾರ್ಕ್ ಮುಗಿಸಿ ನೆಂಟರ ಮನೆಗೆ ಹೋದರೆ ಅದು ಅಪರಾಧವೇ?

ಸೀತಾಳೆ:
ಅವನ ಮೇಲೆ ನನಗೇನೂ ಕೋಪವಿಲ್ಲ. ಅವನ ಮುಂದೆ ಇಟ್ಟಿರುವ ಬೆಲೆಪಟ್ಟಿ ಅವನನ್ನು ಅಲ್ಲಿಗೆ ತಂದಿದೆ. ಬದಲಾಗಬೇಕಾದ್ದು ಡಿಸ್ನಿಯ ನಿಯಮ. ಈಗ ಚೆಕ್-ಇನ್ ಪೂರ್ತಿ ಆ್ಯಪ್‌ನಲ್ಲೇ ಮುಗಿಯುತ್ತದೆ. ಗಾಡಿ ಗೇಟು ದಾಟದಿದ್ದರೂ ಬುಕಿಂಗ್ ಚಾಲ್ತಿಯಲ್ಲಿದೆ ಅಂತಲೇ ಲೆಕ್ಕ. ಎರಡನೇ ದಿನದ ಬೇಗ ಪ್ರವೇಶವನ್ನಾದರೂ ಗೇಟು ದಾಟಿದ ದಾಖಲೆಗೆ ಗಂಟು ಹಾಕಿದರೆ ಅರ್ಧ ಲಾಭ ಅಲ್ಲೇ ಹೋಗುತ್ತದೆ.

ನಿಧಾನಸ್ಥ:
ಗಂಟು ಹಾಕಿದರೆ ಮೊದಲ ಪೆಟ್ಟು ಬೀಳುವುದು ಪಾಪದವರಿಗೆ. ಕ್ಯಾಂಪ್‌ಸೈಟ್ ಚೆಕ್-ಇನ್ ಮಧ್ಯಾಹ್ನ 1ಕ್ಕೆ. ವಿಮಾನದಲ್ಲಿ ಬಂದವರು ಬೆಳಿಗ್ಗೆ ನೇರ ಪಾರ್ಕಿಗೆ ಹೋಗಿ ರಾತ್ರಿ ಸೈಟಿಗೆ ಬರುತ್ತಾರೆ. ಬಾಡಿಗೆ ಆರ್‌ವಿಯನ್ನು ಕಂಪನಿಯವರೇ ತಂದು ನಿಲ್ಲಿಸುವ ಪದ್ಧತಿಯೂ ಇದೆ, ಆಗ ಗೇಟು ದಾಟುವುದು ಬೇರೆಯವರ ಗಾಡಿ. ಕನಿಷ್ಠ ಎರಡು ರಾತ್ರಿ ಅಂತ ನಿಯಮ ಮಾಡಿದರೆ ಇನ್ನೂ ಕೆಡುಕು: ನೆಪದವನು ಒಂದು ರಾತ್ರಿ ಕೆಡಿಸುವ ಬದಲು ಎರಡು ಕೆಡಿಸುತ್ತಾನೆ, ಒಂದೇ ರಾತ್ರಿ ನಿಂತು ಮುಂದೆ ಹೋಗುವ ಪ್ರಯಾಣಿಕನಿಗೆ ಬಾಗಿಲು ಮುಚ್ಚುತ್ತದೆ.

ನನ್ನ ಕೇಳಿದರೆ ಸವಲತ್ತಿಗೆ ಕೈ ಹಾಕುವ ಮೊದಲು ಮುಂಗಡದ ನಿಯಮ ಬಿಗಿ ಮಾಡಲಿ. ಪಕ್ಕದಲ್ಲೇ ಫ್ಲಾರಿಡಾ ಸ್ಟೇಟ್ ಪಾರ್ಕ್‌ಗಳ ಉದಾಹರಣೆ ಇದೆ. ಅಲ್ಲಿ ರದ್ದು ಮಾಡಿದರೆ ಶುಲ್ಕ ಕಡಿತ. 2024ರ ಜನವರಿಯಿಂದ ಆ ರಾಜ್ಯದವರಿಗೆ 11 ತಿಂಗಳು, ಹೊರಗಿನವರಿಗೆ 10 ತಿಂಗಳು ಮೊದಲು ಬುಕಿಂಗ್.

ಗಾಲಿಮನೆ:
ಆ ಉದಾಹರಣೆ ನಿಮ್ಮ ವಾದಕ್ಕೇ ತಿರುಗಿಬೀಳುತ್ತದೆ. ಅಲ್ಲಿ ಆದ್ಯತೆ ಸಿಗುವುದು ಕ್ಯಾಂಪ್ ಮಾಡುವುದಕ್ಕೇ, ಅದೂ ಒಂದು ತಿಂಗಳ ಆದ್ಯತೆ. ಇಲ್ಲಿ ಕ್ಯಾಂಪ್‌ಸೈಟ್ ಹಿಡಿದರೆ ಆದ್ಯತೆ ಸಿಗುವುದು ರೈಡಿಗೆ. ಸೈಟಿಗೆ ಬೇಡಿಕೆ ಸೈಟಿನಿಂದಲೇ ಹುಟ್ಟಿದ್ದರೆ ಯಾರೂ ತಕರಾರು ಮಾಡುತ್ತಿರಲಿಲ್ಲ. ನಿಯಮ ಒಂದೇ ಸಾಕು: ಸವಲತ್ತು ಪಡೆಯುವ ಹೆಸರುಗಳನ್ನು ಆರಕ್ಕೆ ಇಳಿಸಲಿ, ಮಲಗಲು ಹತ್ತು ಜನ ಇರಲಿ. ಬೇರೆ ಯಾರಿಗೂ ತೊಂದರೆಯಿಲ್ಲ.

ಡೇರೆದಾಸ:
ಸ್ಕೌಟ್ ಮಕ್ಕಳನ್ನು ಕರೆದುಕೊಂಡು ಬರುವ ಗುಂಪುಗಳಿಗೆ ತೊಂದರೆ ಇದೆ. ಎಂಟು ಮಕ್ಕಳಲ್ಲಿ ಯಾವ ಇಬ್ಬರಿಗೆ ಬೇಡ ಅನ್ನುತ್ತೀರಿ?

ಗಾಲಿಮನೆ:
ಹೌದು, ಆ ಗುಂಪುಗಳಿಗೆ ಬೇರೆ ದಾರಿ ಬೇಕು. ಆದರೂ ಆರಕ್ಕೆ ಇಳಿಸುವುದೇ ಕಡಿಮೆ ಕೆಡುಕಿನದು ಅನ್ನುತ್ತೇನೆ.

ಹೊಸಬ_ಆರ್‌ವಿ:
ನಿಯಮ ಬದಲಾಗುವುದು ಬದಲಾದಾಗ. ಈಗ ಹತ್ತು ರಾತ್ರಿ ಹುಡುಕಿದರೆ "ಲಭ್ಯವಿಲ್ಲ" ಅಂತ ಬರುತ್ತಿದೆ. ಫುಲ್ ಹುಕ್-ಅಪ್ ಬೇಕು. ಏನು ಮಾಡಬಹುದು?

ಸೀತಾಳೆ:
ಮೊದಲು ಯಾವ ರಾತ್ರಿ ತೊಡಕು ಅಂತ ಹಿಡಿಯಿರಿ. ಹತ್ತನ್ನೂ ಒಟ್ಟಿಗೆ ಹುಡುಕಬೇಡಿ. ಮೊದಲ ಐದು, ಆಮೇಲಿನ ಐದು ಅಂತ ಹುಡುಕಿ, ಸಿಗದ ಅರ್ಧವನ್ನು ಒಂದೊಂದೇ ರಾತ್ರಿಯಾಗಿ ನೋಡಿ. ಬಹುಪಾಲು ಶುಕ್ರವಾರ ಅಥವಾ ಶನಿವಾರವೇ ಸಿಕ್ಕಿಬೀಳುತ್ತದೆ. ಆ ಒಂದು ರಾತ್ರಿಯನ್ನು ಪ್ರಿಫರ್ಡ್ ಮತ್ತು ಪ್ರೀಮಿಯಂನಲ್ಲಿ ಹುಡುಕಿ. ಸಿಕ್ಕರೆ ಮೂರು ಬುಕಿಂಗ್ ಮಾಡಿ: ಮುಂಚಿನದು, ನಡುವಿನದು, ನಂತರದ್ದು. ಮೂರಕ್ಕೂ ಒಂದೊಂದು ರಾತ್ರಿಯ ಮುಂಗಡ ಕಟ್ಟಬೇಕಾಗುತ್ತದೆ. ಮಾಡಿದ ಮೇಲೆ ಫೋನ್ ಮಾಡಿ, ಇವು ಒಂದೇ ಕುಟುಂಬದ ಬೆನ್ನುಬೆನ್ನಿನ ಬುಕಿಂಗ್ ಅಂತ ಟಿಪ್ಪಣಿ ಹಾಕಿಸಿ.

ಮೂರೂ ಕೈಯಲ್ಲಿದ್ದ ಮೇಲೆ ದಿನಾ ಒಮ್ಮೆ ಆ ತೊಡಕಿನ ರಾತ್ರಿಯನ್ನು ಫುಲ್ ಹುಕ್-ಅಪ್‌ನಲ್ಲಿ ನೋಡುತ್ತಿರಿ. ಉಚಿತ ರದ್ದತಿಯ ಗಡುವು ಹತ್ತಿರವಾದಾಗ ದಿನಕ್ಕೆ ಎರಡು ಮೂರು ಸಲ ನೋಡಿ, ನಿಧಾನಸ್ಥರು ಹೇಳಿದ ಮೂರು ವಾರ ಹಿಡಿದಿಟ್ಟವರು ಕೈಬಿಡುವುದು ಆಗಲೇ. ಹೊಸದು ಖಚಿತವಾಗುವ ತನಕ ಹಳೆಯದನ್ನು ರದ್ದು ಮಾಡಬೇಡಿ. ಇರುವ ಬುಕಿಂಗನ್ನೇ ತಿದ್ದಲು ಹೋದರೆ ಇಡೀ ತಂಗುವಿಕೆಗೆ ಅವತ್ತಿನ ದರ ಬೀಳಬಹುದು, ಒತ್ತುವ ಮುಂಚೆ ಒಟ್ಟು ಮೊತ್ತ ನೋಡಿ.

ನಿಧಾನಸ್ಥ:
ಸೈಟ್ ಬದಲಿಸಲೇಬೇಕಾದರೆ ಚೆಕ್-ಔಟ್ 11ಕ್ಕೆ, ಹೊಸದರ ಚೆಕ್-ಇನ್ 1ಕ್ಕೆ, ನಡುವೆ ಎರಡು ಗಂಟೆ ಗಾಡಿ ಎಲ್ಲಿ ನಿಲ್ಲಿಸಬೇಕು ಅಂತ ಹಿಂದಿನ ದಿನವೇ ಕೇಳಿಟ್ಟುಕೊಳ್ಳಿ. ಹೊರಡುವ ಬೆಳಿಗ್ಗೆ ಮೊದಲು ಕಪ್ಪು ಟ್ಯಾಂಕ್ (ಶೌಚದ್ದು) ಖಾಲಿ ಮಾಡಿ, ಆಮೇಲೆ ಬೂದು ಟ್ಯಾಂಕ್ (ಸ್ನಾನ, ಪಾತ್ರೆ ತೊಳೆದ ನೀರಿನದು). ಸೋಪಿನ ನೀರು ಪೈಪನ್ನು ತೊಳೆಯುತ್ತದೆ. ತಂಗಿರುವಷ್ಟು ದಿನವೂ ಕಪ್ಪು ಟ್ಯಾಂಕಿನ ವಾಲ್ವ್ ತೆರೆದಿಡುವುದು ಹೊಸಬರ ಮಾಮೂಲಿ ತಪ್ಪು. ನೀರು ಹರಿದುಹೋಗಿ ಗಟ್ಟಿ ಭಾಗ ತಳದಲ್ಲಿ ಕೂರುತ್ತದೆ, ಆಮೇಲೆ ಸೈಟ್ ಬದಲಿಸುವ ದಿನ ಜಗ್ಗುವುದೇ ಇಲ್ಲ. ಮೂರರಲ್ಲಿ ಎರಡು ಪಾಲು ತುಂಬಿದ ಮೇಲೆಯೇ ಬಿಡಬೇಕು. ಸೈಟಿನ ಕರೆಂಟ್ ಕಂಬದ ಬ್ರೇಕರ್ ಇಳಿಸದೆ ಪ್ಲಗ್ ಕೀಳಬೇಡಿ.

ಹೊಸಬ_ಆರ್‌ವಿ:
ನಡುವಿನ ರಾತ್ರಿ ಯಾವ ವರ್ಗದಲ್ಲೂ ಸಿಗದಿದ್ದರೆ?

ನಿಧಾನಸ್ಥ:
ಆಗ ಆ ಒಂದು ರಾತ್ರಿ ಹೊರಗೆ. ಕ್ಲೆರ್‌ಮಾಂಟ್ ಬಳಿಯ ಲೇಕ್ ಲೂಯಿಸಾ ಸ್ಟೇಟ್ ಪಾರ್ಕ್ ನೋಡಿ, ವಾರಾಂತ್ಯಕ್ಕೆ ಅದೂ ಬೇಗ ತುಂಬುತ್ತದೆ. ಫೋರ್ಟ್ ವಿಲ್ಡರ್‌ನೆಸ್ ಕಂಬದಲ್ಲಿ 20, 30, 50 ಆ್ಯಂಪ್ ಮೂರೂ ಇರುತ್ತವೆ, ಹೊರಗೆ ಎಲ್ಲ ಕಡೆ 50 ಸಿಗುತ್ತದೆ ಅಂತ ನಂಬಬೇಡಿ. ನಿಮ್ಮದು 50ರ ಗಾಡಿಯಾದರೆ 30ಕ್ಕೆ ಇಳಿಸುವ ಅಡಾಪ್ಟರ್ ಇಟ್ಟುಕೊಳ್ಳಿ. 12,000 ವ್ಯಾಟ್ ಇದ್ದದ್ದು 3,600ಕ್ಕೆ ಬರುತ್ತದೆ, ಒಂದು ಎಸಿ ಮಾತ್ರ ಓಡಿಸಿ, ಅದು ಓಡುವಾಗ ಮೈಕ್ರೋವೇವ್ ಹಾಕಬೇಡಿ.

ಲೆಕ್ಕಿಗ:
ಒಂದು ಸೇರಿಸುತ್ತೇನೆ. ಬುಕಿಂಗ್ ನಡುವೆ ಹೀಗೆ ಕಡಿದುಹೋದರೆ 14 ದಿನದ ಒಟ್ಟಿಗೆ ಬುಕ್ ಮಾಡುವ ಅನುಕೂಲವೂ ಕಡಿಯುತ್ತದೆ. ಎರಡನೇ ತುಂಡಿನ ಲೈಟ್ನಿಂಗ್ ಲೇನ್‌ಗೆ ಅದರ ಚೆಕ್-ಇನ್‌ನಿಂದ 7 ದಿನ ಹಿಂದಕ್ಕೆ ಎಣಿಸಿ, ಬೆಳಿಗ್ಗೆ 7ಕ್ಕೆ ಎದ್ದು ಕೂರಿ.