ಇವೊ ಪೊಗೊರೆಲಿಚ್ ಪಿಯಾನೊ ಕಛೇರಿಗೆ ಟಿಕೆಟ್ ತಗೊಳ್ಳಬಹುದಾ?

ಖಯಾಲ್‌ಪ್ರಿಯ: ಜರ್ಮನಿಯಲ್ಲಿ ನಾವಿರುವ ಊರಿಗೆ ಪಿಯಾನೊ ವಾದಕ ಪೊಗೊರೆಲಿಚ್ ಬರ್ತಿದ್ದಾರೆ. ಪೂರ್ತಿ ಶೋಪ್ಯಾಂ ಅನ್ನುವ ಸಂಯೋಜಕನ ರಚನೆಗಳು: ಎರಡನೇ ಸೊನಾಟಾ (ಹಲವು ಭಾಗಗಳ ದೊಡ್ಡ ರಚನೆ; ಓಪಸ್ 35, ಅಂದ್ರೆ ರಚನೆಯ ಸಂಖ್ಯೆ), ಓಪಸ್ 45ರ ಪ್ರಿಲ್ಯೂಡ್ (ಚಿಕ್ಕ ರಚನೆ), ಕೆಲವು ನಾಕ್ಟರ್ನ್‌ಗಳು (ರಾತ್ರಿಯ ಭಾವದ ರಚನೆಗಳು). ಮಹಾಪ್ರತಿಭೆ ಅನ್ನುವವರೂ ಇದ್ದಾರೆ, ಶೋಪ್ಯಾಂನನ್ನು ಕೊಂದುಹಾಕ್ತಾರೆ ಅನ್ನುವವರೂ ಇದ್ದಾರೆ. ಹಿಂದೂಸ್ತಾನಿ ಕೇಳಿ ಅಭ್ಯಾಸ. ಪಿಯಾನೊ ಬರೀ ರೆಕಾರ್ಡಿಂಗ್‌ನಲ್ಲಿ ಗೊತ್ತು. ಟಿಕೆಟ್ 60 ಯೂರೊ. ಹೋಗಲಾ? ಹೋದರೆ ಎಲ್ಲಿ ಕೂರಲಿ?

ಮಂದ್ರ: ಈ ಜಗಳ 1980ರ ವಾರ್ಸಾ ಶೋಪ್ಯಾಂ ಸ್ಪರ್ಧೆಯಿಂದ ಶುರು. ಅವರನ್ನು ಫೈನಲ್‌ಗೆ ಬಿಡಲಿಲ್ಲ ಅಂತ ಹೆಸರಾಂತ ಪಿಯಾನೊ ವಾದಕಿ ಮಾರ್ತಾ ಆರ್ಗೆರಿಚ್ ತೀರ್ಪುಗಾರರ ಮಂಡಳಿಯಿಂದಲೇ ಹೊರನಡೆದರು. ತಮಾಷೆ ಏನಂದ್ರೆ, ಇಂಥವರನ್ನು ಮುಂದಿನ ಸುತ್ತಿಗೆ ಬಿಟ್ಟಿರಲ್ಲಾ ಅಂತ ಇನ್ನೊಬ್ಬ ತೀರ್ಪುಗಾರ ಲೂಯಿ ಕೆಂಟ್ನರ್ ಅದಕ್ಕೂ ಮೊದಲೇ ಎದ್ದು ಹೋಗಿದ್ದರು! ಗೆದ್ದವರು ವಿಯೆಟ್ನಾಮಿನ ಡಾಂಗ್ ಥಾಯ್ ಸಾನ್. ಸುದ್ದಿಯಾಗಿದ್ದು ಸೋತವರು.

ಈಗಿನ ತಕರಾರು ಮುಖ್ಯವಾಗಿ ವೇಗದ್ದು. 1981ರಲ್ಲಿ ಡಾಯ್ಚ ಗ್ರಾಮಫೋನ್ ರೆಕಾರ್ಡ್ ಕಂಪನಿಗೆ ಇದೇ ಸೊನಾಟಾ, ಇದೇ ಪ್ರಿಲ್ಯೂಡ್ ನುಡಿಸಿದ್ದಾರೆ. ವಿಚಿತ್ರ ಇದ್ದರೂ ಬಿಗಿಯಾಗಿದೆ. ಆಮೇಲಾಮೇಲೆ ನಿಧಾನ ಭಾಗಗಳು ಇನ್ನೂ ನಿಧಾನವಾದವು, ಜೋರು ಭಾಗಗಳು ಇನ್ನೂ ಜೋರಾದವು. ಟಿಕೆಟ್‌ಗೆ ಮುಂಚೆ ಎರಡು ಕೇಳಿ: ಆ 1981ರದ್ದು, ಮತ್ತೆ 2022ರಲ್ಲಿ ಸೋನಿ ತಂದ ಶೋಪ್ಯಾಂ ಆಲ್ಬಂನಲ್ಲಿ ಓಪಸ್ 49ರ ಫ್ಯಾಂಟಸಿ. ಎರಡನೆಯದನ್ನು ಕಡೇವರೆಗೆ ಕೇಳೋಕೆ ಆಗದಿದ್ದರೆ 60 ಯೂರೊ ಉಳಿಸಿ.

ತಬಲಾಕಿವಿ: ವಿಲಂಬಿತ್ (ತೀರಾ ನಿಧಾನ ಲಯದ ಗಾಯನ) ಕೇಳುವವರಿಗೆ ಇದು ಸಲೀಸು ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಕಿರಾಣಾ ಘರಾಣೆಯಲ್ಲಿ, ಗಂಗೂಬಾಯಿ ಹಾನಗಲ್ ಅವರನ್ನೇ ತಗೊಳ್ಳಿ, ಲಯ ಎಷ್ಟೇ ಇಳಿದರೂ ಠೇಕಾ (ತಬಲಾದ ತಾಳದ ಆವರ್ತ) ಸಮ್ ಅಂದ್ರೆ ತಾಳದ ಮೊದಲ ಪೆಟ್ಟು ತೋರಿಸುತ್ತೆ, ತಂಬೂರಿ ಜಾಗ ತುಂಬುತ್ತೆ, ಮೀಂಡ್ (ಸ್ವರದ ಜಾರು) ಒಂದು ಸ್ವರದಿಂದ ಇನ್ನೊಂದಕ್ಕೆ ಒಯ್ಯುತ್ತೆ. ಪಿಯಾನೊದಲ್ಲಿ ಇವು ಮೂರೂ ಇಲ್ಲ. ಸುತ್ತಿಗೆ ತಂತಿಗೆ ಬಡಿದ ಕ್ಷಣದಿಂದಲೇ ನಾದ ಇಳಿಯುತ್ತೆ, ಮೇಲಿನ ಸಪ್ತಕಗಳಲ್ಲಿ ಇನ್ನೂ ಬೇಗ. ವೇಗ ತಗ್ಗಿಸಿದಷ್ಟೂ ಮುಂದಿನ ಸ್ವರ ಬರುವಷ್ಟರಲ್ಲಿ ಹಿಂದಿನದು ಸತ್ತಿರುತ್ತೆ, ರಾಗದ ಎಳೆ ಕಡಿಯುತ್ತೆ. ಅದಕ್ಕೇ ಪೊಗೊರೆಲಿಚ್ ಮೇಲಿನ ಸ್ವರವನ್ನು ಗಟ್ಟಿಯಾಗಿ ಹೊಡೀತಾರೆ, ಹೆಚ್ಚು ಹೊತ್ತು ಉಳಿಯಲಿ ಅಂತ. ಕೆಲವರಿಗೆ ಅದು ಒರಟು. ಆದರೆ ಬೇರೆಯವರ ಕೈಯಲ್ಲಿ ಮುಳುಗಿಹೋಗುವ ನಡುವಿನ ಎಳೆಗಳು ಇಲ್ಲಿ ಬಿಡಿಬಿಡಿಯಾಗಿ ಕೇಳ್ತವೆ. ಹೋಗಿ ಅನ್ನೋಕೆ ನನಗೆ ಅದೊಂದೇ ಕಾರಣ ಸಾಕು.

ಮಂದ್ರ: ಒಪ್ಪಿದೆ, ಆದರೆ ಮೊದಲ ಪಿಯಾನೊ ಕಛೇರಿಯೇ ಇವರದ್ದಾದ್ರೆ ಸಿದ್ಧವಾಗದೆ ಹೋಗೋದು ಬೇಡ. ಮೂಲ ಹೇಗಿರುತ್ತೆ ಅಂತ ತಿಳಿಯದೆ ಎಲ್ಲಿ ತಿರುಚಿದರು ಅಂತ ಹೇಗೆ ತಿಳಿಯುತ್ತೆ? ಸ್ವರಲಿಪಿ ಐಎಂಎಸ್ಎಲ್‌ಪಿ (IMSLP) ಅನ್ನುವ ಅಂತರ್ಜಾಲ ತಾಣದಲ್ಲಿ ಪುಕ್ಕಟೆ ಸಿಗುತ್ತೆ. ಅದನ್ನಿಟ್ಟುಕೊಂಡು ಆರ್ಗೆರಿಚ್ ಅಥವಾ ರೂಬಿನ್‌ಸ್ಟೈನ್ ನುಡಿಸಿದ ಓಪಸ್ 35 ಎರಡು ಸಲ ಕೇಳಿ, ಆಮೇಲೆ ಹೋಗಿ.

ಎಡಬದಿ: ಸೀಟಿನ ವಿಷಯ. ಕೈ ಕಾಣಬೇಕಂದ್ರೆ ಸಭಾಂಗಣದ ಎಡಭಾಗ. ಪಿಯಾನೊ ಮುಚ್ಚಳ ಸಭೆಯ ಕಡೆ ತೆರೆದಿರುತ್ತೆ, ನಾದಕ್ಕೆ ನಡು ಅಥವಾ ಸ್ವಲ್ಪ ಬಲ ಒಳ್ಳೇದು. ಇವರ ಮಟ್ಟಿಗೆ ಮುಂದಿನ ಸಾಲು ಖಂಡಿತ ಬೇಡ, ಫೋರ್ಟಿಸ್ಸಿಮೊ (ತುಂಬಾ ಗಟ್ಟಿ ನುಡಿಸುವ ಜಾಗ) ಕಿವಿಗೆ ರಾಚುತ್ತೆ. ಬಾಲ್ಕನಿಯ ಮೊದಲ ಸಾಲು ಸಿಕ್ಕರೆ ಬಿಡಬೇಡಿ.

ಅರ್ಧ ಗಂಟೆ ಮುಂಚೆ ಒಳಗಿರಿ. ಜನ ಬಂದು ಕೂರುವಾಗ ಟೋಪಿ ಹಾಕ್ಕೊಂಡು ಮನೆಬಟ್ಟೆಯಲ್ಲಿ ವೇದಿಕೆ ಮೇಲೆ ಮೆಲ್ಲಗೆ ಸ್ವರ ಒತ್ತುತ್ತಾ ಕೂರೋದು ಪೊಗೊರೆಲಿಚ್ ಅವರ ರೂಢಿ. ಪಿಯಾನೊ ಶ್ರುತಿ ಮಾಡುವವರು ಅಂದ್ಕೊಂಡು ಮಾತಾಡ್ತಾ ಕೂತವರೇ ಹೆಚ್ಚು. ಆಮೇಲೆ ಬಟ್ಟೆ ಬದಲಿಸಿ ಬರ್ತಾರೆ. ಸ್ವರಲಿಪಿ ಎದುರಿಟ್ಟು, ಪಕ್ಕದಲ್ಲಿ ಪುಟ ತಿರುವಲು ಒಬ್ಬರನ್ನು ಕೂರಿಸಿಕೊಂಡು ನುಡಿಸ್ತಾರೆ, ದೀಪ ಮಂದ. ನೆನಪಿಲ್ಲ ಅಂತಲ್ಲ, ಅದು ಅವರ ಪದ್ಧತಿ.

ಸೊನಾಟಾದಲ್ಲಿ ನಾಲ್ಕು ಭಾಗ, ನಡುವೆ ಚಪ್ಪಾಳೆ ಇಲ್ಲ. ವಾಹ್ ವಾಹ್ ಅಂತೂ ಬೇಡ್ರೀ. ಮೂರನೆಯದು ಪ್ರಸಿದ್ಧ ಶವಯಾತ್ರೆಯ ಮಾರ್ಚ್. ಅದು ಮುಗಿದಾಗಲೇ ಹೊಸಬರು ಎಡವೋದು. ಇನ್ನೂ ಒಂದೂವರೆ ನಿಮಿಷದ ಕೊನೆ ಭಾಗ ಇದೆ: ಎರಡೂ ಕೈ ಸಪ್ತಕದ ಅಂತರದಲ್ಲಿ ಅವೇ ಸ್ವರಗಳನ್ನು ಓಡಿಸಿ, ಒಂದೇ ಏಟಿಗೆ ನಿಲ್ಲುತ್ತೆ.

ಓಪಸ್ 35 ಸಾಮಾನ್ಯವಾಗಿ 22–25 ನಿಮಿಷ. ಇವರ ಕಛೇರಿಗೆ ಆ ಲೆಕ್ಕ ಹಿಡಿದು ಕೊನೆ ಟ್ರೈನ್ ಗೊತ್ತುಮಾಡ್ಕೋಬೇಡಿ.